ಬೆಳಗಿನ ಜಾವ ಎದ್ದು ಆಸ್ಕರ್ ಯಾಕೆ ನೋಡ್ತೀರಿ?

ಮಾರ್ಚ್ ಬಂತೆಂದರೆ ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: "ಬೆಳಗಿನ ಜಾವ ಎದ್ದು ಆಸ್ಕರ್ ನೋಡ್ತೀರಂತಲ್ಲ ಅಕ್ಕ, ನಮಗೂ ಅದಕ್ಕೂ ಏನು ಸಂಬಂಧ?"

ರೆಡ್ ಕಾರ್ಪೆಟ್ಟು, ಗೌನು ನನಗೂ ಬೇಕಿಲ್ಲ. ನಿರೂಪಕರ ಜೋಕು ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ಆಗ ಎದ್ದು ಬೆಲ್ಲದ ಕಾಫಿ ಕಾಯಿಸಿಕೊಂಡು ಬರುತ್ತೇನೆ. ನಾನು ಕಾಯುವುದು ಸಣ್ಣ ಪ್ರಶಸ್ತಿಗಳಿಗೆ. ಶಬ್ದ, ಸಂಕಲನ, ಉಡುಪು, ಕಿರು ಸಾಕ್ಷ್ಯಚಿತ್ರ. ಸ್ಟಾರ್‌ಗಳಿಗೆ ಮೈಕ್ ಹೊಸದಲ್ಲ, ಇವರಿಗೆ ಹೊಸದು. ಚೀಟಿ ಹಿಡಿದ ಕೈ ನಡುಗುತ್ತಿರುತ್ತದೆ. ಮಾತಾಡಲು ಸಿಗುವುದು 45 ಸೆಕೆಂಡು. ಭಾರತೀಯರಿಗೆ ಮೊದಲ ಆಸ್ಕರ್ ಬಂದದ್ದೂ ಇಂಥ ವಿಭಾಗದಲ್ಲೇ ಅಲ್ವಾ? 1983ರಲ್ಲಿ, 'ಗಾಂಧಿ' ಚಿತ್ರದ ಉಡುಪಿಗೆ, ಭಾನು ಅಥೈಯಾ ಅವರಿಗೆ.

2022ರಲ್ಲಿ ಇಂಥ ಎಂಟು ಪ್ರಶಸ್ತಿಗಳನ್ನು ನೇರ ಪ್ರಸಾರಕ್ಕೆ ಮೊದಲೇ ಕೊಟ್ಟು, ಆಮೇಲೆ ಕತ್ತರಿಸಿ ಸೇರಿಸಿದರು. ಜನ ಬೈದರು. ಮರುವರ್ಷ ಎಲ್ಲವೂ ನೇರ ಪ್ರಸಾರಕ್ಕೆ ವಾಪಸ್. ಆ ಎಂಟರಲ್ಲಿ ಕಿರು ಸಾಕ್ಷ್ಯಚಿತ್ರವೂ ಇತ್ತು. 2023ರಲ್ಲಿ ಅದನ್ನು ಗೆದ್ದದ್ದು ನಮ್ಮ ಪಕ್ಕದ ಮುದುಮಲೈ ಕಾಡಿನ ಕಥೆ, 'ದಿ ಎಲಿಫೆಂಟ್ ವಿಸ್ಪರರ್ಸ್'. ಬೊಮ್ಮನ್, ಬೆಳ್ಳಿ ದಂಪತಿ ಮತ್ತು ಅವರು ಸಾಕಿದ ಅನಾಥ ಆನೆಮರಿ ರಘು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತು ಮುಗಿಸಿದರು. ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆರೆಯುವಷ್ಟರಲ್ಲಿ ಸಮಯ ಮುಗಿಯಿತೆಂದು ವಾದ್ಯ ಶುರುವಾಯಿತು. ಮಾತಾಡಲು ಆಗಲೇ ಇಲ್ಲ. ಮೂರೂವರೆ ಗಂಟೆಯ ಸಮಾರಂಭದಲ್ಲಿ ಒಂದು ಅರ್ಧ ನಿಮಿಷ ಇರಲಿಲ್ಲವೇ? ನನಗಂತೂ ಸಿಟ್ಟು ನೆತ್ತಿಗೇರಿತು.

ಪಕ್ಕದ ತೋಟದವರಿಗೆ ಹೇಳಿದರೆ ಅವರ ಚಿಂತೆಯೇ ಬೇರೆ. "ಆನೆ ಸಾಕಿದವರಿಗೆ ಆಸ್ಕರ್ ಸಿಗ್ತದೆ. ನಮ್ಮ ತೋಟ ತುಳಿದದ್ದಕ್ಕೆ ಪರಿಹಾರವೇ ಬರಲಿಲ್ಲ." ತಪ್ಪೇನಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಅದನ್ನು ತಿನ್ನಲು ಆನೆ ಬರುತ್ತವೆ, ಇಲ್ಲಿ ರಾತ್ರಿ ಯಾರೂ ನೆಮ್ಮದಿಯಾಗಿ ಮಲಗುವುದಿಲ್ಲ. ಆದರೂ ಒಂದು ಭಾನುವಾರ ನಮ್ಮ ಮನೆಗೇ ಬಂದು ಸುಮ್ನೆ ಕೂತು ಇಡೀ ಚಿತ್ರ ನೋಡಿದರು. ಮರಿಗೆ ಸ್ನಾನ ಮಾಡಿಸುವಾಗ ಮಾತ್ರ, "ನಮ್ಮ ದುಬಾರೆ ಮಾವುತರೂ ಹೀಗೇ ಉಜ್ಜುವುದು" ಅಂದರು. ಅವರ ಬಾಯಿಂದ ಆನೆಯ ಬಗ್ಗೆ ಬೈಗುಳವಿಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಇನ್ನು ಅತ್ಯುತ್ತಮ ಚಿತ್ರ. ಅದು ಬರುವುದು ಕಟ್ಟಕಡೆಗೆ. ಅಷ್ಟರಲ್ಲಿ ಕೆಲಸದವರು ಬಂದಿರುತ್ತಾರೆ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆ ಬಾರದಿದ್ದರೆ ತೋಟದ ಸ್ಪ್ರಿಂಕ್ಲರ್ ಪೈಪು ಜಾಗ ಬದಲಿಸಬೇಕು. ಯಾರು ಗೆದ್ದರು ಅಂತ ಮಧ್ಯಾಹ್ನ ಮೊಬೈಲ್‌ನಲ್ಲಿ ನೋಡಿಕೊಂಡರಾಯಿತು.