ಹನ್ನೆರಡು ಅಡಿ ಅಗಲದ ಬೋಳು ಪಟ್ಟಿ

ಸಿವಿಲ್ ಎಂಜಿನಿಯರ್‌ಗೆ ಮೊದಲು ಹಿಡಿಯುವ ಹುಚ್ಚು ಮಣ್ಣನ್ನು ಗಟ್ಟಿಸುವುದು. ರಸ್ತೆಯಾಗಲಿ, ಕೆರೆಯ ಏರಿಯಾಗಲಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಗರಿಷ್ಠ ಸಾಂದ್ರತೆಯ ಶೇಕಡಾ 95ರಷ್ಟು ಬಂತೇ ಎಂದು ಪರೀಕ್ಷಿಸಿದ ಮೇಲೆಯೇ ಸಹಿ. ಊರಿನ ಕಡೆ ಹನ್ನೊಂದು ವರ್ಷ ಹೀಗೆಯೇ ದುಡಿದೆ. ಅಮೆರಿಕದ ಡೆನ್ವರ್ ಬಳಿ ಈ ಅಭ್ಯಾಸವೇ ನನಗೆ ಮುಳುವಾಯಿತು.

ವಿಷ ಕುಡಿದ ಹಳೆಯ ಕಾರ್ಖಾನೆ ಜಾಗಗಳನ್ನು ಶುದ್ಧಗೊಳಿಸಿದ ನಂತರ ಅಲ್ಲಿ ಮತ್ತೆ ಹುಲ್ಲುಗಾವಲು ಎಬ್ಬಿಸುವುದು ನಮ್ಮ ತಂಡದ ಕೆಲಸ. ಇಲ್ಲಿ ಎಲ್ಲರೂ ಬೊಟ್ಟು ಮಾಡುವ ಮಾದರಿ ರಾಕಿ ಮೌಂಟನ್ ಆರ್ಸೆನಲ್. 1942ರಲ್ಲಿ ಸೈನ್ಯ ರಾಸಾಯನಿಕ ಅಸ್ತ್ರಗಳಿಗಾಗಿ ಕಟ್ಟಿದ ಆವರಣ ಅದು. ಮುಂದೆ ಅಲ್ಲಿ ಕೀಟನಾಶಕಗಳೂ ತಯಾರಾದವು. 1992ರಲ್ಲಿ ಅದನ್ನು ವನ್ಯಜೀವಿ ಧಾಮವಾಗಿಸುವ ಕಾನೂನು ಬಂತು, 2007ರಲ್ಲಿ 16 ಬೈಸನ್‌ಗಳು ಬಂದವು, 2010ರಲ್ಲಿ ಶುದ್ಧೀಕರಣ ಮುಗಿಯಿತು. ಕೆಲಸಕ್ಕೆ ಸೇರಿದ ವಾರ ನಮ್ಮ ಸಸ್ಯತಜ್ಞೆ ನನ್ನನ್ನು ಅಲ್ಲಿಗೆ ಕರೆದೊಯ್ದರು. ನಾನು ಬೈಸನ್ ಹುಡುಕುತ್ತಿದ್ದೆ. ಅವರು ದೂರದ ಒಂದು ಹುಲ್ಲಿನ ದಿಬ್ಬವನ್ನು ತೋರಿಸಿದರು.

ಶುದ್ಧಗೊಳಿಸುವುದೆಂದರೆ ವಿಷವನ್ನೆಲ್ಲ ಹೊತ್ತೊಯ್ಯುವುದಲ್ಲ. ಒಂದಷ್ಟು ಅಲ್ಲೇ ಉಳಿಯುತ್ತದೆ, ಅದರ ಮೇಲೆ ಮುಚ್ಚಳ ಹಾಕುತ್ತಾರೆ. ಆ ದಿಬ್ಬ ಅಂಥದೊಂದು ಮುಚ್ಚಳ. ಜೇಡಿಯ ಮುಚ್ಚಳ ಈ ಒಣಹವೆಯಲ್ಲಿ ಬತ್ತಿದ ಕೆರೆಯಂಗಳದಂತೆ ಬಿರಿಯುತ್ತದೆ. ಆದ್ದರಿಂದ ಕೆಳಗೆ ಒಡೆದ ಕಾಂಕ್ರೀಟಿನ ಪದರ, ಮೇಲೆ ಸುಮಾರು ನಾಲ್ಕು ಅಡಿ ನಯವಾದ ಮಣ್ಣು. ಕಾಂಕ್ರೀಟ್ ಇರುವುದು ಬಿಲ ತೋಡುವ ಪ್ರೈರಿ ಡಾಗ್‌ಗಳನ್ನು (ಅಳಿಲಿನ ಜಾತಿಯ ಪ್ರಾಣಿ) ತಡೆಯಲು. ಮಳೆ, ಹಿಮ ಎರಡೂ ಸೇರಿ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 360 ಮಿಲಿಮೀಟರ್. ನಮ್ಮ ಚಳ್ಳಕೆರೆಗಿಂತಲೂ ಕಡಿಮೆ. ಆ ನೀರನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಹುಲ್ಲು ಅದನ್ನು ಹೀರಿ ಗಾಳಿಗೆ ಬಿಡುತ್ತದೆ. ಕೆಳಗಿನ ವಿಷಕ್ಕೆ ನೀರು ಹೆಚ್ಚುಕಡಿಮೆ ತಾಗುವುದೇ ಇಲ್ಲ. ಅಂದರೆ ಹುಲ್ಲು ಅಲಂಕಾರವಲ್ಲ, ಪಂಪು. ಬೇರು ಇಳಿಯದಿದ್ದರೆ ಪಂಪು ಕೆಟ್ಟಂತೆ.

ಇದೆಲ್ಲ ನನಗೆ ಅರ್ಥವಾಗಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಪೂರ್ತಿ ಅಂಕ ಬರುತ್ತಿತ್ತು. ಆದರೆ ಬೇರೊಂದು ಚಿಕ್ಕ ಜಾಗದಲ್ಲಿ (ಅದರ ಹೆಸರು ಬೇಡ) ನನ್ನದೇ ಉಸ್ತುವಾರಿಯಲ್ಲಿ ಮುಚ್ಚಳದ ಕೊನೆಯ ಪದರ ಹಾಕುವಾಗ, ಮಣ್ಣಿನ ಟ್ರಕ್‌ಗಳು ಸುತ್ತಿ ಬರುವುದು ಬೇಡವೆಂದು ನಡುವೆಯೇ ಓಡಲು ಬಿಟ್ಟೆ. ಅದರಿಂದ ಎರಡು ದಿನ ಉಳಿತಾಯವಾಯಿತು. ಚಕ್ರದಡಿ ಮಣ್ಣು ಗಟ್ಟಿಯಾಗುವುದನ್ನು ಕಂಡು, ನಿಜ ಹೇಳಬೇಕೆಂದರೆ, ಒಳಗೊಳಗೇ ಸಮಾಧಾನವೂ ಆಗಿತ್ತು!

ಬ್ಲೂ ಗ್ರಾಮಾ, ಬಫಲೋ ಗ್ರಾಸ್, ವೆಸ್ಟರ್ನ್ ವೀಟ್‌ಗ್ರಾಸ್ ಎಂಬ ಇಲ್ಲಿನ ಹುಲ್ಲುಗಳ ಬೀಜಗಳನ್ನು ಕೂರಿಗೆಯಂಥ ಯಂತ್ರದಿಂದ ಬಿತ್ತಿದೆವು. ಎರಡನೆಯ ಬೇಸಿಗೆಗೆ ಎರಡೂ ಪಕ್ಕ ಹುಲ್ಲು ಕಚ್ಚಿಕೊಂಡಿತು. ನಡುವೆ ಹನ್ನೆರಡು ಅಡಿ ಅಗಲದ ಬೋಳು ಪಟ್ಟಿ, ಅದರಲ್ಲಿ ಅಲ್ಲಲ್ಲಿ ಕೋಚಿಯಾ ಕಳೆ. ಸಸ್ಯತಜ್ಞೆ ಒಂದು ಕಬ್ಬಿಣದ ಸರಳನ್ನು ನನ್ನ ಕೈಗಿತ್ತು, ಚುಚ್ಚಿ ನೋಡಿ ಎಂದರು. ಹುಲ್ಲಿದ್ದಲ್ಲಿ ಮೊಣಕಾಲುದ್ದ ಇಳಿದ ಸರಳು ಪಟ್ಟಿಯಲ್ಲಿ ಗೇಣುದ್ದವೂ ಇಳಿಯಲಿಲ್ಲ. ಅವರು ಬೇರೇನೂ ಹೇಳಲಿಲ್ಲ.

ಆ ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ನಲವತ್ತು ವರ್ಷ ಶೇಂಗಾ ಬೆಳೆದವರು. "ಬಂಡಿ ಜಾಡಿನಲ್ಲಿ ಯಾರಾದರೂ ಬಿತ್ತುತ್ತಾರೇನೋ?" ಎಂದು ನಕ್ಕುಬಿಟ್ಟರು.

ಕೆಳಗಿನ ಪದರಕ್ಕೆ ತಾಗದಂತೆ ಒಂದೂವರೆ ಅಡಿಯಷ್ಟು ಮಾತ್ರ ಮಣ್ಣು ಸಡಿಲಿಸಿ, ಪಟ್ಟಿಯನ್ನು ಮತ್ತೆ ಬಿತ್ತಿಸಿದೆವು. ಟ್ರಕ್‌ಗಳು ಸುತ್ತಿ ಬಂದಿದ್ದರೆ ಆಗುತ್ತಿದ್ದ ಖರ್ಚಿಗಿಂತ ಇದು ಎಷ್ಟೋ ಹೆಚ್ಚು. ಈಗ ಗುತ್ತಿಗೆದಾರರಿಗೆ ಕೊಡುವ ನಕ್ಷೆಯಲ್ಲಿ ಮೊದಲು ಬರೆಯುವುದು ವಾಹನದ ದಾರಿಯನ್ನೇ. ಸಾಂದ್ರತೆಗೆ ಕನಿಷ್ಠ ಮಿತಿ ಬರೆಯುತ್ತಿದ್ದ ಕೈ ಗರಿಷ್ಠ ಮಿತಿಯನ್ನೂ ಬರೆಯುತ್ತದೆ. ಸರಳು ನನ್ನ ಗಾಡಿಯಲ್ಲೇ ಇರುತ್ತದೆ.

ಬಫಲೋ ಗ್ರಾಸ್ ನಮ್ಮ ಗರಿಕೆಯ ಹಾಗೆ ನೆಲದ ಮೇಲೆ ಬಳ್ಳಿ ಬಿಟ್ಟು ಹಬ್ಬುತ್ತದೆ. ಹೋದ ತಿಂಗಳು ನೋಡಿದಾಗ ಎಡಪಕ್ಕದಿಂದ ಪಟ್ಟಿಯೊಳಗೆ ಒಂದು ಮೊಳ ಬಂದಿತ್ತು.