ರಾವಣನಿಗಾಗಿ ಅತ್ತರೆ ತಪ್ಪಾ?

ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕಂಕುಳಲ್ಲಿ ಇಟ್ಟುಕೊಂಡೇ ನಮ್ಮ ಕನ್ನಡ ಮೇಷ್ಟ್ರು ಕ್ಲಾಸಿಗೆ ಬರುತ್ತಿದ್ದದ್ದು. 1953ರ ಪುಸ್ತಕ. “ಬರೆದವರು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ಕಣ್ರೋ” ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಮಧ್ಯಾಹ್ನದ ಪೀರಿಯಡ್ಡು, ಅರ್ಧ ಕ್ಲಾಸಿಗೆ ಗುಬ್ಬಿ, ಕುಣಿಗಲ್ ಬಸ್ಸಿನದೇ ಚಿಂತೆ.

ಒಂದು ದಿನ ಮಮ್ಮಟನ ಪಾಠ. ಕಾವ್ಯ ಅಂದರೆ ಏನು, ಯಾಕೆ ಅಂತ ಸಂಸ್ಕೃತದಲ್ಲಿ ಬರೆದವನು, 11ನೇ ಶತಮಾನದ ಕಾಶ್ಮೀರದವನು. ಅವನ ಪ್ರಕಾರ ವೇದ ಒಡೆಯನ ಹಾಗೆ ಅಪ್ಪಣೆ ಮಾಡುತ್ತದೆ, ಪುರಾಣ ಗೆಳೆಯನ ಹಾಗೆ ಬುದ್ಧಿ ಹೇಳುತ್ತದೆ, ಕಾವ್ಯ ಮಾತ್ರ ನಲ್ಲೆಯ ಹಾಗೆ ಒಲಿಸಿಕೊಂಡು ಹೇಳುತ್ತದೆ, ರಾಮನ ಹಾಗೆ ನಡಿ, ರಾವಣನ ಹಾಗೆ ಬೇಡ ಅಂತ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹಾಗಾದ್ರೆ ಓದೋರೆಲ್ಲ ಗಂಡಸರೇನಾ?” ಅಂದಳು. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. “ಇದನ್ನ ಮಮ್ಮಟನ್ನೇ ಕೇಳಬೇಕಿತ್ತಮ್ಮ” ಅಂದರು.

ಆಮೇಲೆ ಗ್ರೀಕ್ ತತ್ವಜ್ಞಾನಿ ಪ್ಲೇಟೋ. ತನ್ನ ‘ರಿಪಬ್ಲಿಕ್’ ಪುಸ್ತಕದ 10ನೇ ಭಾಗದಲ್ಲಿ ಅವನು ಕವಿಗಳನ್ನು ತನ್ನ ಆದರ್ಶ ನಗರದಿಂದ ಆಚೆ ಹಾಕುತ್ತಾನೆ. ದೇವರ ಸ್ತುತಿ, ಒಳ್ಳೆಯವರ ಹೊಗಳಿಕೆ ಇಷ್ಟಕ್ಕೆ ಮಾತ್ರ ಒಳಗೆ ಜಾಗ. ನಾಟಕದಲ್ಲಿ ಯಾರದೋ ದುಃಖಕ್ಕೆ ಅತ್ತು ಅತ್ತು ಅಭ್ಯಾಸವಾದರೆ, ನಮ್ಮದೇ ದುಃಖ ಬಂದಾಗ ಮನಸ್ಸು ಹಿಡಿತಕ್ಕೆ ಸಿಗುವುದಿಲ್ಲ ಅನ್ನುವುದು ಅವನ ಭಯ. ನಮಗೆ ಸಿಟ್ಟೇ ಬಂತು. ಮೇಷ್ಟ್ರು ತಡೆದರು: “ಸುಮ್ನೆ ಬೈಬೇಡಿ. ಕಾವ್ಯ ಗೊತ್ತಾಗದ ಹಾಗೆ ಒಳಗೆ ಇಳಿದುಬಿಡುತ್ತೆ ಅಂತ ಇಬ್ಬರಿಗೂ ಗೊತ್ತು. ಮಮ್ಮಟ ಖುಷಿ ಪಡ್ತಾನೆ, ಪ್ಲೇಟೋ ಹೆದರ್ತಾನೆ, ಅಷ್ಟೇ.” ನಾಟಕ ನೋಡಿ ಅಳುವುದರಿಂದ ಒಳ್ಳೆಯದೇ ಆಗುತ್ತದೆ ಅಂದ ಅವನ ಶಿಷ್ಯ ಅರಿಸ್ಟಾಟಲ್‌ನನ್ನು ಮಾತ್ರ ಐದೇ ನಿಮಿಷದಲ್ಲಿ ಮುಗಿಸಿದರು, ಗಂಟೆ ಹೊಡೆಯುವುದರಲ್ಲಿತ್ತು.

ನನಗೆ ತಲೆಯಲ್ಲಿ ಉಳಿದದ್ದು ರಾವಣ. ಪಿಯುಸಿಯಲ್ಲಿ ಜೈನ ಕವಿ ನಾಗಚಂದ್ರನ ರಾಮಾಯಣದಿಂದ ‘ಕದಡಿದ ಸಲಿಲಂ ತಿಳಿವಂದದೆ’ (ಕಲಕಿದ ನೀರು ತಿಳಿಯಾಗುವ ಹಾಗೆ) ಅನ್ನುವ ಪಾಠ ಓದಿದ್ದೆವಲ್ಲ, ಅಲ್ಲಿ ಸೀತೆ ಮೂರ್ಛೆ ಹೋದದ್ದನ್ನು ನೋಡಿ ರಾವಣನ ಮನಸ್ಸು ಕರಗುತ್ತದೆ, ರಾಮ ಸೀತೆ ಇಬ್ಬರನ್ನು ಯಾಕೆ ಅಗಲಿಸಿದೆ ಅಂತ ಮರುಗುತ್ತಾನೆ, ಆದರೂ ಯುದ್ಧದಲ್ಲಿ ಗೆದ್ದ ಮೇಲೇ ಸೀತೆಯನ್ನು ಒಪ್ಪಿಸುತ್ತೇನೆ ಅನ್ನುವ ಹಟ ಬಿಡುವುದಿಲ್ಲ. ಕುವೆಂಪು ‘ಶ್ರೀರಾಮಾಯಣ ದರ್ಶನಂ’ನಲ್ಲೂ ರಾವಣ ಬದಲಾಗುತ್ತಾನೆ. ಮಮ್ಮಟನ ಸೂತ್ರ ಇಲ್ಲಿ ಸ್ವಲ್ಪ ಇಕ್ಕಟ್ಟಾಗುತ್ತದೆ ಅಲ್ವಾ? ಕೆಟ್ಟವನ ಒಳಗೆ ನಮ್ಮನ್ನು ಕೂರಿಸುವ ಕಾವ್ಯಕ್ಕೇ ಜಾಸ್ತಿ ಬೆಲೆ ಅಂತ ನಾನು ವಾದ ಮಾಡಿದೆ. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. ದಲಿತ ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಕವನ ಸಂಕಲನ ತಂದುಕೊಟ್ಟು, “ಇದು 1975ರದ್ದು. ಇಲ್ಲಿ ನಲ್ಲೆಯ ಮಾತೂ ಇಲ್ಲ, ರಾವಣನ ಮೇಲೆ ಕರುಣೆ ತೋರಿಸೋಕೆ ಪುರುಸೊತ್ತೂ ಇಲ್ಲ. ಇದಕ್ಕೇನಂತೀಯ?” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಸಿಟ್ಟೂ ನೀತಿಯೇ ಅಂತ ಈಗ ಅನ್ನಿಸುತ್ತದೆ.

ಆ ಸಲದ ಟೆಸ್ಟಿನಲ್ಲಿ ಅವರು ಕೊಟ್ಟ ಪ್ರಶ್ನೆ: ಪ್ಲೇಟೋ ಪರವಾಗಿ ವಾದಿಸಿ! ಪ್ಲೇಟೋ ಏನೂ ಬಾಗಿಲು ಪೂರ್ತಿ ಹಾಕಿಲ್ಲ. ಕವಿಗಳಲ್ಲದ ಕಾವ್ಯಪ್ರಿಯರು ಗದ್ಯದಲ್ಲೇ ವಾದ ಮಾಡಲಿ, ಕಾವ್ಯದಿಂದ ಖುಷಿಯ ಜೊತೆಗೆ ಉಪಯೋಗವೂ ಇದೆ ಅಂತ ತೋರಿಸಲಿ, ಕೇಳೋಣ ಅನ್ನುತ್ತಾನೆ. ಈಗ ನಮ್ಮ ಕಾಲೇಜಿನಲ್ಲಿ ಓದುತ್ತಿರುವವರು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಅದನ್ನೇ ಬರೆಯಬಹುದಲ್ವಾ?