ಟ್ಯೂಬಿಂಗನ್‌ನ ಗೆಸ್ಟ್‌ಹೌಸ್

ಜರ್ಮನಿಯ ಈ ಊರಿನ ಹಳೇ ಪೇಟೆಯ ಪುಟ್ಟ ಗೆಸ್ಟ್‌ಹೌಸ್. ರೂಮಿನ ಮರದ ನೆಲ ಎಷ್ಟು ವಾಲಿದೆ ಅಂದ್ರೆ ಕೈಜಾರಿದ ಪೆನ್ನು ತಾನಾಗೇ ಉರುಳಿ ಕಿಟಕಿ ಹತ್ರ ಹೋಗಿ ನಿಂತಿತು. ಬೆಳಿಗ್ಗೆ ಮನೆಯ ಅಜ್ಜಿ ಬ್ರೆಡ್ಡು, ಬೆಣ್ಣೆ, ತಾವೇ ಮಾಡಿದ ಪ್ಲಮ್ ಜಾಮ್ ತಂದಿಟ್ಟು ಯಾವ ಊರು ಅಂತ ಕೇಳಿದರು. ಧಾರವಾಡ ಅಂದೆ. ಕಿಟ್ಟೆಲ್ ಹೆಸರು ಅವರು ಕೇಳಿರಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಮ್ಮ ದೊಡ್ಡ ನಿಘಂಟು, ಸುಮಾರು 70,000 ಪದ, ಅದನ್ನು ಮಾಡಿದವರು 1903ರಲ್ಲಿ ತೀರಿಕೊಂಡಿದ್ದು ನಿಮ್ಮ ಇದೇ ಊರಲ್ಲಿ ಅಂತ ಹೇಳಿ ಮೊಬೈಲಲ್ಲಿ ಅದರ ಪುಟ ತೋರಿಸಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ 'ಅ' ಮೇಲೆ ಬೆರಳಿಟ್ಟು, ಇದನ್ನು ಹೇಗೆ ಹೇಳೋದು ಅಂದರು.

ಹೊರಗೆ ಸಣ್ಣ ಮಳೆ. ಈ ಚಳಿಯಲ್ಲಿ ಕೂತು ಕಿಟ್ಟೆಲ್ ಅವರಿಗೂ ಧಾರವಾಡದ ಮಳೆ ನೆನಪಾಗಿರಬೇಕು ಅಲ್ವಾ?